ಪೆಟ್ಟಿಗೆಯ ಹಾಜರಿ

ಇದು ನಿಜವಾಗಿ ನಡೆದದ್ದು. ಹೀಗೆ ಶುರುವಾಗುವ ಯಾವ ಕಥೆಯನ್ನೂ ಎಲೊಯ್ ಸಂದೋವಾಲ್ ನಂಬುವುದಿಲ್ಲ. ಯಾಕೆಂದರೆ ಇಂಥದೊಂದು ಕಥೆಯನ್ನು ಹತ್ತು ವರ್ಷಗಳಿಂದ ಅವನೇ ಹೀಗೆ ಶುರುಮಾಡುತ್ತ ಬಂದಿದ್ದಾನೆ. ಮೇಜಿನ ಮೇಲೆ ಕಡಲೆಕಾಯಿ ಸಾರಿನ ಬೋಗುಣಿ ಬಂದು ಕೂತಿರಬೇಕು, ಮಗ ಯೆರ್ಕೊ 'ಅಪ್ಪಾ, ಪೆಟ್ಟಿಗೆ ಕಥೆ' ಅನ್ನಬೇಕು, ಹೆಂಡತಿ ಮಿರ್ತಾ 'ಉಣ್ಣೋ ಹೊತ್ತಲ್ಲಿ ಆ ಹೇಸಿಗೆ ಬೇಡಪ್ಪ' ಎನ್ನುತ್ತಲೇ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳಬೇಕು. ಆಗ ಎಲೊಯ್ ಕರವಸ್ತ್ರವನ್ನು ಮೂಗಿಗೆ ಹಿಡಿದು ಫಾದರ್ ಹೆನಾರೊ ಆಗುತ್ತಿದ್ದ. ಕಥೆಯಲ್ಲಿ ಹದಿಮೂರು ವರ್ಷದ ಎಲೊಯ್ ತರಗತಿಯ ಮಹಾ ತುಂಟ. ಮಠದ ಸಂನ್ಯಾಸಿನಿಯರು ಪೂಜೆಯ ರೊಟ್ಟಿಗಳನ್ನು ದುಂಡಗೆ ಕತ್ತರಿಸಿದ ಮೇಲೆ ಉಳಿಯುವ ಚೂರುಗಳನ್ನು ಕಾಗದದ ಚೀಲಕ್ಕೆ ತುಂಬಿ, ಮುಖ ತೋರಿಸದೆ, ಗೋಡೆಯ ತಿರುಗುವ ಕಿಂಡಿಯಲ್ಲಿಟ್ಟು ಮಾರುತ್ತಾರಲ್ಲ, ಅಂಥ ಒಂದು ಚೀಲದಲ್ಲಿ ಐದು ಇಡೀ ರೊಟ್ಟಿಗಳು ತಪ್ಪಿ ಬಂದುಬಿಟ್ಟಿದ್ದವು. ಎಲೊಯ್ ಅವನ್ನು ನೆಮೆಸಿಯೊ ಚೋಕೆ ಎಂಬ ಸಾಧುಪ್ರಾಣಿಗೆ ತಿನ್ನಿಸಿದ. ತಿಂದು ಮುಗಿದ ಮೇಲೆ ಮುಖ ಬಿಳಿಚಿಕೊಂಡವನಂತೆ ನಟಿಸಿ, 'ಲೋ, ಅವು ಬರೀ ರೊಟ್ಟಿ ಅಲ್ಲ ಕಣೋ, ಪರಮಪ್ರಸಾದ. ದೇವರ ಮುಂದಿನ ಪ್ರಸಾದದ ಪೆಟ್ಟಿಗೆಯಿಂದ ಎತ್ಕೊಂಡು ಬಂದಿದ್ದೆ. ಸ್ವಾಮಿ ಈಗ ನಿನ್ನ ಹೊಟ್ಟೇಲಿದಾನೆ. ಇನ್ಮೇಲೆ ನೀನೇ ಪೆಟ್ಟಿಗೆ. ಕಕ್ಕಸಿಗೆ ಹೋದೀಯ, ಜೋಕೆ' ಎಂದ. ಪಾಪದ ಪ್ರಾಣಿ ಹೋಗಲಿಲ್ಲ. ಗುರುವಾರ ಹೋಗಲಿಲ್ಲ, ಶುಕ್ರವಾರ ಹೋಗಲಿಲ್ಲ. ಶನಿವಾರ ಧರ್ಮೋಪದೇಶದ ತರಗತಿಯಲ್ಲಿ ಫಾದರ್ ಅವನನ್ನು ಎಬ್ಬಿಸಿ ನಿಲ್ಲಿಸಿ 'ದೇವರು ಎಲ್ಲಿದ್ದಾನೆ?' ಎಂದು ಕೇಳಿದರು. 'ದೇವರು ಸ್ವರ್ಗದಲ್ಲಿ, ಭೂಮಿಯಲ್ಲಿ, ಮತ್ತು ಎಲ್ಲ...' ಎನ್ನುವಷ್ಟರಲ್ಲಿ, ಇಲ್ಲಿ ಎಲೊಯ್ ಬಾಯಿಂದ ಒಂದು ಸದ್ದು ಹೊರಡಿಸುತ್ತಿದ್ದ, ಯೆರ್ಕೊ ಕುರ್ಚಿಯಿಂದ ಜಾರಿ ಬೀಳುತ್ತಿದ್ದ. ಆಮೇಲೆ ಮೂಗಿನ ಮೇಲಿನ ಕರವಸ್ತ್ರದ ಒಳಗಿಂದ ಫಾದರ್ ಹೆನಾರೊ ಅವರ ಆ ಜೇನುತುಪ್ಪದ ದನಿ: 'ರೊಟ್ಟಿಯ ರೂಪ ಕರಗುವ ತನಕ ಮಾತ್ರ ಸ್ವಾಮಿಯ ಸಾನ್ನಿಧ್ಯ, ಮಗೂ. ಹದಿನೈದು ನಿಮಿಷ. ಆಮೇಲೆ ಒಳಗಿರೋದು ಬರೀ ನೀನೇ.' ಅಂದಿನಿಂದ ಶಾಲೆ ಬಿಡುವ ತನಕ ನೆಮೆಸಿಯೊಗೆ ಪೆಟ್ಟಿಗೆ ಎಂದೇ ಹೆಸರು. ಈ ಕಥೆ ಅಕ್ಷರಶಃ ನಿಜ, ಎರಡು ಹೆಸರು ಬಿಟ್ಟು. ತಿನ್ನಿಸಿದವನು ಎಲೊಯ್ ಅಲ್ಲ, ಲಿಸಾಂದ್ರೊ ಕಲ್ವೊ. ತಿಂದವನು ನೆಮೆಸಿಯೊ ಅಲ್ಲ.

ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ನಲವತ್ತಮೂರನೆಯ ವಯಸ್ಸಿನಲ್ಲಿ ಶಾಲೆಯ ಕೆಂಗಂದು ಸ್ವೆಟರನ್ನು ತಲೆಯ ಮೇಲಿಂದ ಎಳೆದುಕೊಳ್ಳುವಾಗ, ಎಲೊಯ್‌ಗೆ ಉಣ್ಣೆಯ ಒಳಗಿನ ಕತ್ತಲಲ್ಲಿ ಒಂದು ಕ್ಷಣ ಉಸಿರು ಸಿಕ್ಕಲಿಲ್ಲ. ತಲೆ ಹೊರಗೆ ಬಂದಾಗ ಕನ್ನಡಿಯಲ್ಲಿದ್ದದ್ದು ಹೊಟ್ಟೆ ಬಂದ ಒಬ್ಬ ಹುಡುಗ. ಶಾಲೆ ಬಿಟ್ಟು ಇಪ್ಪತ್ತೈದು ವರ್ಷವಾದ ತಂಡ ಸಾನ್ ಪ್ಲಾಸಿದೊ ಹಬ್ಬದ ದಿನ ಸಮವಸ್ತ್ರ ಹಾಕಿಕೊಂಡು ಬಂದು, ಅಂಗಳದಲ್ಲಿ ಹಳೆಯ ಬೆಂಚುಗಳ ಮೇಲೆ ಕೂತು, ಹಳೆಯ ಗುರುಗಳು ಕೂಗುವ ಹಾಜರಿಗೆ ಓಗೊಡಬೇಕು. ಓಗೊಟ್ಟವನಿಗೆ ಮೀನಖಂಡದ ಮೇಲೆ ಮೂರು ಬಾಲದ ಚಾಟಿಯ ಒಂದು ತಮಾಷೆಯ ಏಟು. ಸತ್ತವರ ಹೆಸರಿಗೆ ಅವರ ಮನೆಯವರು 'ಹಾಜರ್' ಎನ್ನಬೇಕು. ಎಲ್ಲರೂ ನಗಬೇಕು, ಆಮೇಲೆ ಕೆಲವರು ಅಳಬೇಕು, ಆಮೇಲೆ ಎಲ್ಲರೂ ತಿನ್ನಬೇಕು. ಮಗ ಬೇರೆ ಶಾಲೆಯಲ್ಲಿ ಓದುತ್ತಿದ್ದರೆ ಎಲೊಯ್ ಜ್ವರ ಬರಿಸಿಕೊಂಡು ಮಲಗಿಬಿಡುತ್ತಿದ್ದ. ಆದರೆ ಯೆರ್ಕೊ ಓದುತ್ತಿರುವುದು ಅಲ್ಲೇ, ಅದೇ ಅಂಗಳದಲ್ಲಿ. ಹುಡುಗ ಮೂರು ವಾರದಿಂದ ಈ ದಿನಕ್ಕಾಗಿ ಕುಣಿಯುತ್ತಿದ್ದಾನೆ. ಅವನ ತರಗತಿಯವರಿಗೆಲ್ಲ ಅಪ್ಪನ ಕಥೆ ಬಾಯಿಪಾಠ. ಈಗ ಅವನು ಫಾದರ್ ಹೆನಾರೊ ದನಿಯನ್ನು ಅಪ್ಪನಿಗಿಂತ ಚೆನ್ನಾಗಿ ತೆಗೆಯುತ್ತಾನೆ, ಕರವಸ್ತ್ರವಿಲ್ಲದೆ. ಫಾದರನ್ನು ಅವನು ಕಂಡಿರುವುದು ದೂರದಿಂದ, ಗಾಲಿಕುರ್ಚಿಯಲ್ಲಿ, ವರ್ಷಕ್ಕೆರಡು ಸಲ. ದನಿಯೆಲ್ಲ ಎಲೊಯ್ ಕೊಟ್ಟದ್ದು. ಆಸ್ತಿ ಅಂತ ಮಗನಿಗೆ ಅವನು ಕೊಟ್ಟದ್ದು ಅದೇ: ತನ್ನ ಮೇಲೆ ಹೇಲಿನಂತೆ ಸುರಿದ ಒಂದು ದನಿ.

"ಅಪ್ಪಾ, ಪೆಟ್ಟಿಗೆ ಬರ್ತಾನಾ ಇವತ್ತು?" ಯೆರ್ಕೊ ಬಾಗಿಲಲ್ಲಿ ನಿಂತು ಕೇಳಿದ. ಹದಿನೈದು ವರ್ಷ, ಮೇಲಿನ ಎಡಗಡೆ ಕೋರೆಹಲ್ಲು ಸಾಲು ಬಿಟ್ಟು ಮುಂದೆ ಬಂದಿದೆ, ಅಪ್ಪನದರ ಹಾಗೆ.

"ಅವನು ಸತ್ತು ಎಂಟು ವರ್ಷ ಆಯ್ತು. ಪೊತೊಸಿ ರಸ್ತೇಲಿ, ಬಸ್ಸು ಕಣಿವೆಗೆ ಬಿತ್ತು."

"ಅಯ್ಯೋ." ಹುಡುಗನ ಮುಖ ಸಣ್ಣಗಾಯಿತು. ಮರುಕ್ಷಣ, "ಮತ್ತೆ ಅವನ ಹೆಸರಿಗೆ ಯಾರು ಹಾಜರ್ ಅಂತಾರೆ?" ಎಂದ.

ಎಲೊಯ್ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ. ಬಗ್ಗಿದಾಗ ಸ್ವೆಟರಿನಿಂದ ಎದ್ದದ್ದು ನುಸಿಗುಳಿಗೆಯ ವಾಸನೆ, ಅದರ ಹಿಂದೆ ಇನ್ನೊಂದು, ಇರಲಿಕ್ಕೆ ಸಾಧ್ಯವೇ ಇಲ್ಲದ ವಾಸನೆ. ಸ್ವೆಟರು ಹೊಸದು, ಹೋದ ತಿಂಗಳು ಹೆಣೆಸಿದ್ದು. ಅವನ ಕೆಲಸ ಕಟ್ಟುಹಲ್ಲು ಮಾಡುವುದು. ಡಾಕ್ಟರುಗಳು ಕಳಿಸಿದ ಬಾಯಿಗಳ ಅಚ್ಚನ್ನು ಗಾರೆಯಲ್ಲಿ ಎರೆದು, ಮೇಣದ ಒಸಡಿನಲ್ಲಿ ಹಲ್ಲು ಕೂರಿಸುವುದು. ಊರಿನ ಅರ್ಧ ದೊಡ್ಡಮನುಷ್ಯರ ಅಂಗುಳ ಅವನ ಕಪಾಟಿನಲ್ಲಿ ಸಾಲಾಗಿ ಬಾಯಿ ತೆರೆದುಕೊಂಡಿದೆ. ಕೊಳೆತ ಬಾಯಿ ಅವನಿಗೆ ಹೇಸಿಗೆ ಹುಟ್ಟಿಸುವುದಿಲ್ಲ. ಹೇಸಿಗೆ ಹುಟ್ಟಿಸುವುದು ನಗುವ ಬಾಯಿ. ಯಾರಾದರೂ ಎದುರಿಗೆ ಜೋರಾಗಿ ನಕ್ಕರೆ ಅವನ ಕಣ್ಣು ತಾನಾಗಿ ಒಳಗೆ ಹೋಗುತ್ತದೆ: ಸವೆದ ದವಡೆ, ಬಿಳಿ ಕಟ್ಟಿದ ನಾಲಿಗೆ, ಎಂಜಲಿನ ಎಳೆ. ಅಂಥ ನಲವತ್ತು ಬಾಯಿಗಳನ್ನು ಅವನು ಒಮ್ಮೆ ಒಟ್ಟಿಗೆ ಕಂಡಿದ್ದ.

ಅಂಗಳದಲ್ಲಿ ಆಗಲೇ ಸಾಲ್ತೆನ್ಯಾಗಳ ಟ್ರೇಗಳು ಬಂದಿದ್ದವು. ಕಡುಬಿನ ತುದಿ ಕಚ್ಚಿ ಒಳಗಿನ ಬಿಸಿರಸವನ್ನು ಹೀರುತ್ತಿದ್ದ ಗಂಡಸರ ಗದ್ದದ ಮೇಲೆ ಎಣ್ಣೆ ಇಳಿಯುತ್ತಿತ್ತು. ಎಲ್ಲರೂ ಕೆಂಗಂದು ಸ್ವೆಟರು, ಎಲ್ಲರೂ ಬೋಳಾಗುತ್ತಿರುವ ಹುಡುಗರು. ಒಬ್ಬರನ್ನೊಬ್ಬರು ಬೆನ್ನಿಗೆ ಗುದ್ದುತ್ತ, ಹಳೆಯ ಹೆಸರುಗಳಿಂದ ಕರೆಯುತ್ತ: ಕಪ್ಪೆ, ಮೂಲಂಗಿ, ನಾಯಿಮೂತಿ. ಪ್ರತಿ ಕೂಗಿಗೂ ಎಲೊಯ್‌ನ ಬೆನ್ನು ಬಿಗಿಯುತ್ತಿತ್ತು. ಮಿರ್ತಾ ಪೋಷಕರ ಕುರ್ಚಿಗಳ ಕಡೆ ಹೋದಳು. ಯೆರ್ಕೊ ಹೋಗಲಿಲ್ಲ, ಪಕ್ಕದಲ್ಲೇ ನಿಂತ, ಅಪ್ಪನ ಕಥೆಯ ಜನರನ್ನು ಒಬ್ಬೊಬ್ಬರನ್ನಾಗಿ ಗುರುತಿಸುವ ಆಸೆಯಿಂದ. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು, ಕೈ ಚಾಚಿಕೊಂಡು, ಬಾಯಿ ತೆರೆದುಕೊಂಡು ಬಂದವನು ಲಿಸಾಂದ್ರೊ ಕಲ್ವೊ. ಈಗ ವಕೀಲ, ಶಾಲೆಯ ಪೋಷಕರ ಸಂಘದ ಅಧ್ಯಕ್ಷ. ಮುಂದಿನೆರಡು ಹಲ್ಲು ಪಿಂಗಾಣಿಯವು. ಎಲೊಯ್ ಮಾಡಿದ್ದಲ್ಲ, ಆದರೆ ಯಾರು ಮಾಡಿದ್ದೆಂದು ಅವನಿಗೆ ಗೊತ್ತು, ಬಣ್ಣ ಒಂದು ಪಟ್ಟು ಹೆಚ್ಚು ಬಿಳಿ.

"ಯಾರಪ್ಪಾ ಇದು! ಬಾರೋ ಬಾರೋ ನನ್ನ ಪೆ..." ಅಂದವನು ಪಕ್ಕದಲ್ಲಿ ಹುಡುಗನನ್ನು ಕಂಡು, ಇನ್ನೊಬ್ಬರ ಮಕ್ಕಳ ಮುಂದೆ ಬಾಯಿ ತೊಳೆದುಕೊಳ್ಳುವ ಅಧ್ಯಕ್ಷರ ರೀತಿಯಲ್ಲಿ, "...ನನ್ನ ಪ್ರೀತಿಯ ಎಲೊಯ್!" ಎಂದು ಮುಗಿಸಿದ.

"ಅಂಕಲ್," ಯೆರ್ಕೊ ತಡೆಯಲಾರದೆ ನುಗ್ಗಿದ, "ನೀವೂ ಅಪ್ಪನ ಜೊತೆ ಇದ್ರಂತಲ್ಲ, ನೆಮೆಸಿಯೊನ ಪೆಟ್ಟಿಗೆ ಮಾಡಿದಾಗ?"

ಲಿಸಾಂದ್ರೊ ಕಣ್ಣು ಮಿಟುಕಿಸಲಿಲ್ಲ. ಅವನ ಮುಖದಲ್ಲಿ ಏನೋ ನಿಧಾನವಾಗಿ ತಿರುಗಿದ್ದು ಎಲೊಯ್‌ಗೆ ಕಂಡಿತು, ಮಠದ ಗೋಡೆಯ ಆ ಕಿಂಡಿಯ ಹಾಗೆ: ಒಳಗೆ ಹೋದದ್ದು ಒಂದು, ತಿರುಗಿ ಹೊರಗೆ ಬಂದದ್ದು ಇನ್ನೊಂದು. "ಹೂಂ ಮತ್ತೆ!" ಎಂದ ಲಿಸಾಂದ್ರೊ, ಬಹಳ ಮೆಲ್ಲಗೆ, ಬಹಳ ಸಿಹಿಯಾಗಿ. "ನಿಮ್ಮಪ್ಪನದೇ ತಲೆ ಎಲ್ಲಾ. ಭಾರೀ ಕಿಲಾಡಿ ನಿಮ್ಮಪ್ಪ. ನಾನು ಬರೀ ಚೀಲ ಹಿಡ್ಕೊಂಡಿದ್ದೆ, ಅಷ್ಟೆ." ಹೀಗೆನ್ನುತ್ತ ಎಲೊಯ್‌ನ ಮೊಣಕೈಯನ್ನು ಹಿಡಿದು ಒಮ್ಮೆ ಅದುಮಿದ. ಎಣ್ಣೆ ಹತ್ತಿದ ಬೆರಳು. ಹುಡುಗ ಹಿಗ್ಗಿ, ಗೆಳೆಯರಿಗೆ ಸುದ್ದಿ ಮುಟ್ಟಿಸಲು ಓಡಿದ ಮೇಲೆ ಲಿಸಾಂದ್ರೊ ಕಿವಿಯ ಹತ್ತಿರ ಬಾಯಿ ತಂದ. "ಹೆದರ್ಬೇಡ ಮಾರಾಯ. ನಾವು ನಾವೇ ಅಲ್ವಾ? ನಮ್ಮ ತರಗತಿ ಹುಡುಗರಿಗೂ ಹೇಳಿಟ್ಟಿರ್ತೀನಿ. ನೆಮೆಸಿಯೊನೂ ಇಲ್ಲ ಈಗ, ಅವನಿಗೇನು ನಷ್ಟ?"

ಎಲೊಯ್ 'ಥ್ಯಾಂಕ್ಸ್ ಕಣೋ' ಎಂದ. ಅಂದುಬಿಟ್ಟ. ಆ ಮಾತು ನಾಲಿಗೆಯಿಂದ ಇಳಿದ ಮೇಲೆ ಬಾಯಿಯಲ್ಲಿ ಉಳಿದ ರುಚಿ ಅವನಿಗೆ ಗುರುತಿನದೇ ಆಗಿತ್ತು: ಅಂಗುಳಕ್ಕೆ ಅಂಟಿ, ಎಷ್ಟು ಎಂಜಲು ನುಂಗಿದರೂ ಬಿಡದ, ಕಾಗದದಂಥ, ಏನೂ ಇಲ್ಲದ ರುಚಿ. ಅವನು ಬೆಂಚಿಗೆ ಹೋಗಿ ಕೂತ. ಬೆಂಚಿನ ಮರ ತೊಡೆಗೆ ತಣ್ಣಗೆ ತಾಗಿತು. ಅಂದು ಫಾದರ್ ಎಬ್ಬಿಸಿ ನಿಲ್ಲಿಸಿದಾಗ ತೊಡೆಗೆ ತಾಗಿದ್ದು ತಣ್ಣಗಿರಲಿಲ್ಲ. ಅಂದು ಮೊದಲು ಬಂದದ್ದು ಬಿಸಿ, ಆಮೇಲೆ ನಾಚಿಕೆಗೂ ಮುಂಚೆ ಬಂದದ್ದು, ಇದನ್ನು ಅವನು ಯಾರಿಗೂ ಹೇಳಿಲ್ಲ, ಒಂದು ಸುಖ, ಮೂರು ದಿನದ ಸೆರೆಯಿಂದ ಬಿಡುಗಡೆಯಾದ ಕರುಳಿನ ಸುಖ. ಆ ಸುಖ ನೆನಪಾದಾಗಲೇ ಅವನಿಗೆ ತನ್ನ ಮೈ ಎಲ್ಲಕ್ಕಿಂತ ಹೆಚ್ಚು ಅಸಹ್ಯವಾಗುವುದು. ಆಮೇಲೆ ವಾಸನೆ. ಮುಂದಿನ ಬೆಂಚಿನವನು ಮೊದಲು ಮೂಗು ಹಿಡಿದ. ಆಮೇಲೆ ಬಾಯಿಗಳು, ನಲವತ್ತು, ಒಂದೊಂದಾಗಿ ತೆರೆದವು. ಎಲೊಯ್ ಅದನ್ನು ನೋಡುತ್ತ ನಿಂತವನು ಒಂದು ಉಪಾಯ ಮಾಡಿದ, ಉಪಾಯವೆಂದು ಗೊತ್ತಾಗುವ ಮೊದಲೇ: ತಾನೂ ಬಾಯಿ ತೆರೆದ. ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ, ಇದು ತನ್ನದೇ ಜೋಕೆಂಬಂತೆ, ತಾನೇ ಮಾಡಿ ತೋರಿಸಿದ ಆಟವೆಂಬಂತೆ. ಫಾದರ್ ಹೆನಾರೊ ಕರವಸ್ತ್ರ ತೆಗೆದು, ಮಡಿಕೆ ಬಿಡಿಸಿ, ಮೂಗಿಗೆ ಇಟ್ಟುಕೊಂಡು, ವಿಚಾರಿಸಿ, ಎಲ್ಲ ತಿಳಿದುಕೊಂಡು, ಲಿಸಾಂದ್ರೊಗೆ ಒಂದು ಮಾತೂ ಬೈಯದೆ, ಇಡೀ ತರಗತಿಗೆ ಪಾಠ ಮಾಡಿದರು. ಹದಿನೈದು ನಿಮಿಷ, ಮಗೂ.

ನಲ್ಲಿಯ ಹತ್ತಿರ ಅವನ ಜೊತೆ ಬಂದವನು ನೆಮೆಸಿಯೊ ಒಬ್ಬನೇ. ಯಾರೂ ಕಳಿಸಿರಲಿಲ್ಲ. ಆಟದ ಚಡ್ಡಿಯನ್ನು ಒಳಗೇ ತೊಟ್ಟು ಬರುವ ಹುಡುಗ. ತನ್ನ ಸಮವಸ್ತ್ರದ ಪ್ಯಾಂಟನ್ನು ಕಳಚಿ ಎಲೊಯ್‌ಗೆ ಕೊಟ್ಟ. ಎಲೊಯ್‌ನದನ್ನು ಪತ್ರಿಕೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಚಡ್ಡಿಯಲ್ಲೇ, ಆ ಚಳಿಯಲ್ಲಿ ಮನೆಗೆ ಹೋದ. ಸೋಮವಾರ ಅದು ಒಗೆದು, ಇಸ್ತ್ರಿಯಾಗಿ, ಗೆರೆ ಮೂಡಿ ಬಂತು. ನೆಮೆಸಿಯೊನ ತಾಯಿ ದೋನ್ಯಾ ಸತುರ್ನಿನಾ ನಾಲ್ಕು ಮನೆಗಳ ಬಟ್ಟೆ ಒಗೆಯುತ್ತಿದ್ದಳು. ಎಲೊಯ್‌ನ ಮನೆಯಲ್ಲಿ ಯಾರಿಗೂ ಏನೂ ಗೊತ್ತಾಗಲೇ ಇಲ್ಲ. ಅವನು ಪ್ಯಾಂಟು ಇಸಿದುಕೊಂಡ, ನೆಮೆಸಿಯೊನದನ್ನು ಕೊಟ್ಟ, ಅಂದಿನಿಂದ ಅವನ ಪಕ್ಕ ಕೂರಲಿಲ್ಲ. ನಕ್ಕ ನಲವತ್ತು ಮಂದಿಯ ಜೊತೆ ಕೂರಬಹುದು. ನಗದೆ, ಬಗ್ಗಿ, ಕೈಯಿಂದ ಮುಟ್ಟಿದವನ ಜೊತೆ ಹೇಗೆ ಕೂರುವುದು? ಎರಡು ತಿಂಗಳಲ್ಲಿ ಎಲೊಯ್ ಅಣಕ ಮಾಡುವುದನ್ನು ಕಲಿತ. ಮೊದಲ ಅಣಕ ಫಾದರ್ ಅವರದಲ್ಲ. ಶಾಲೆಯ ಬಾಗಿಲಲ್ಲಿ ಬಟ್ಟೆಗಂಟು ಹೊತ್ತು ನಿಂತು ಮಗನನ್ನು ಕೂಗುತ್ತಿದ್ದ ದೋನ್ಯಾ ಸತುರ್ನಿನಾಳ ಹರಕು ಸ್ಪ್ಯಾನಿಷಿನದು. ಲಿಸಾಂದ್ರೊ ಅದನ್ನು ಕೇಳಿ ಬಿದ್ದು ಬಿದ್ದು ನಕ್ಕು, 'ಪೆಟ್ಟಿಗೆ, ನೀನು ಪರವಾಗಿಲ್ಲ ಕಣೋ' ಎಂದಿದ್ದ. ಆ ಮಾತಿಗೆ ಎಲೊಯ್ ಇಡೀ ಒಂದು ದಿನ ಸಂತೋಷವಾಗಿದ್ದ.

ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದರು. ಫಾದರ್ ಹೆನಾರೊಗೆ ಎಂಬತ್ತೇಳು. ಕಾಲ ಮೇಲೆ ಕಂಬಳಿ, ಕಂಬಳಿಯ ಮೇಲೆ ಹಾಜರಿ ಪುಸ್ತಕ. ಅವರ ಬಾಯೊಳಗಿನ ಕೆಳಸಾಲು ಎಲೊಯ್ ಮಾಡಿದ್ದು. ಡಾಕ್ಟರ ಮೂಲಕ ಹೋದದ್ದರಿಂದ ಅವರಿಗೆ ಗೊತ್ತಿಲ್ಲ. ಅಚ್ಚು ಕೈಗೆ ಬಂದ ದಿನ ಅವನು ಅದನ್ನು ಬಹಳ ಹೊತ್ತು ದೀಪಕ್ಕೆ ಹಿಡಿದು ನೋಡಿದ್ದ. ಮುದುಕರ ಬಾಯಿ ಮಗುವಿನ ಬಾಯಿಯಂತಿತ್ತು, ನುಣ್ಣಗೆ, ತಪ್ಪೇ ಮಾಡದ ಹಾಗೆ. ಅದಕ್ಕೆ ಅವನು ಬಹಳ ಒಳ್ಳೆಯ ಹಲ್ಲು ಕಟ್ಟಿದ್ದ. ಬೇಕೆಂದೇ ಒಂದು ಕೂದಲೆಳೆ ಎತ್ತರ ಬಿಟ್ಟು, ಉಂಡಾಗೆಲ್ಲ ಒಸಡು ಕಚ್ಚುವಂತೆ ಮಾಡಬಹುದಿತ್ತು, ಮಾಡಲಿಲ್ಲ. ಒಳ್ಳೆಯತನದಿಂದಲೋ ಹೆದರಿಕೆಯಿಂದಲೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಧ್ಯಕ್ಷ ಲಿಸಾಂದ್ರೊ ಕುರ್ಚಿಯ ಪಕ್ಕ ಚಾಟಿ ಹಿಡಿದು ನಿಂತ. ಹಿಂದೆ ಮೆಟ್ಟಿಲುಗಳ ಮೇಲೆ ಮಕ್ಕಳು, ತರಗತಿವಾರು. ಯೆರ್ಕೊನ ತರಗತಿ ಬಲಗಡೆ ಮೂರನೆಯ ಮೆಟ್ಟಿಲು. ಹಾಜರಿ ಶುರುವಾಯಿತು. ಹೆಸರು, ಹಾಜರ್, ಏಟು, ನಗೆ. ಫಾದರ್ ಕೈಗೆ ಮುತ್ತು. ಹೆಸರು, ಹಾಜರ್, ಏಟು, ನಗೆ.

"ಚೋಕೆ, ನೆಮೆಸಿಯೊ."

ಹೂವಿಟ್ಟ ಖಾಲಿ ಬೆಂಚಿನ ಹತ್ತಿರ ಒಬ್ಬ ಮುದುಕಿ ಎದ್ದಳು. ಗೇರುಬಣ್ಣದ ಟೋಪಿ, ನೆರಿಗೆಯ ಅಗಲ ಲಂಗ, ಒಗೆದು ಒಗೆದು ಬಿಳಿಚಿ ಉಬ್ಬಿದ ಕೈ. ಟೋಪಿಯನ್ನು ತೆಗೆದು ಎದೆಗೆ ಹಿಡಿದು, ಹೇಳಿಕೊಟ್ಟದ್ದನ್ನು ತಪ್ಪಿಲ್ಲದೆ ಹೇಳುವ ಮಗುವಿನಂತೆ, "ಹಾಜರ್, ಫಾದರ್" ಎಂದಳು. ಅವಳು ಕೂರುವ ಮೊದಲೇ, ಬಲಗಡೆ ಮೂರನೆಯ ಮೆಟ್ಟಿಲಿನಿಂದ, ಫಾದರ್ ಹೆನಾರೊ ಅವರ ಮೂವತ್ತು ವರ್ಷ ಹಿಂದಿನ ದನಿ, ನಡುಗದ, ಜೇನು ಸುರಿಯುವ ದನಿ, ತೇಲಿ ಬಂತು:

"ಹದಿನೈದು ನಿಮಿಷ, ಮಗೂ!"

ಫಾದರ್ ತಲೆ ಎತ್ತಿದರು. ತಮ್ಮ ದನಿಯನ್ನು ತಾವೇ ಕೇಳಿದ ಮುದುಕರ ಮುಖದಲ್ಲಿ ಒಂದು ಬಗೆಯ ಭಯ. ಮೆಟ್ಟಿಲ ಮೇಲೆ ಮೊದಲು ಮುಸಿಮುಸಿ, ಆಮೇಲೆ ಒಂದು ಗಂಟಲು, ಆಮೇಲೆ ಹತ್ತು: "ಪೆಟ್ಟಿಗೆ! ಪೆಟ್ಟಿಗೆ! ಪೆಟ್ಟಿಗೆ!" ಕೆಟ್ಟತನವೇನೂ ಇರಲಿಲ್ಲ ಆ ಕೂಗಿನಲ್ಲಿ. ಅವರಿಗೆ ಅವನು ಕಥೆಯ ಪಾತ್ರ, ಅವರ ಪ್ರೀತಿಯ ಪಾತ್ರ. ಎಲೊಯ್ ತಿರುಗಿ ನೋಡಿದ. ಯೆರ್ಕೊ ಕೈ ಎತ್ತಿ ಹೆಬ್ಬೆರಳು ತೋರಿಸಿದ: ಹೇಗಿತ್ತು ಅಪ್ಪಾ?

"ಯಾರದು?" ಫಾದರ್ ಕೇಳಿದರು. "ಪೆಟ್ಟಿಗೆ ಅಂದ್ರೆ ಯಾರು?"

ಬೆಂಚುಗಳ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಎಲೊಯ್‌ನ ಮುಖ ನೋಡಿದರು. ಆಮೇಲೆ ಲಿಸಾಂದ್ರೊನ ಮುಖ ನೋಡಿ, ಅಲ್ಲಿ ಏನೋ ಓದಿಕೊಂಡು, ತುಟಿ ಕಚ್ಚಿ ನೆಲ ನೋಡಿದರು. ಲಿಸಾಂದ್ರೊ ಚಾಟಿಯನ್ನು ಕಂಕುಳಿಗೆ ಸಿಕ್ಕಿಸಿ, ಮುದುಕಿಯ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟ. "ಅಮ್ಮಾ, ತಪ್ಪು ತಿಳ್ಕೋಬೇಡಿ. ನಿಮ್ಮ ಮಗನಿಗೆ ನಾವಿಟ್ಟಿದ್ದ ಹೆಸರದು. ಪ್ರೀತಿಯ ಹೆಸರು. ನೋಡಿ, ಇವತ್ತಿನ ಮಕ್ಕಳಿಗೂ ಗೊತ್ತು." ಎಲೊಯ್ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಅವನ ಉದಾರತನ. ಉಡುಗೊರೆ ಕೊಟ್ಟವನು ಬೇರೆ ಕಡೆ ನೋಡುವ ಹಾಗೆ.

ಮುದುಕಿಯ ಮುಖ ಅರಳಿತು. "ಔದಾ ಸಾಮಿ? ಮನೇಲಿ ಒಂದ್ ದಿನಾನೂ ಏಳಿರ್ಲಿಲ್ಲ ನೋಡಿ. ಎಲ್ಲಾ ಮುಚ್ಚಿಟ್ಕೊಳ್ಳೋನು." ಮೆಟ್ಟಿಲಿನ ಕಡೆ ತಿರುಗಿ, ಮಕ್ಕಳಿಗೆ ಟೋಪಿ ಆಡಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ಕೂತುಕೊಂಡು, ತನಗೆ ತಾನೇ, ರುಚಿ ನೋಡುವಂತೆ, "ಪೆಟ್ಟಿಗೆ" ಎಂದಳು. ಇನ್ನೊಮ್ಮೆ, "ಪೆಟ್ಟಿಗೆ." ಪೋಷಕರ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು.

ಎಲೊಯ್‌ನ ಹೊಟ್ಟೆಯಲ್ಲಿ ಏನೋ ಹೊರಳಿತು. ಅದನ್ನು ಪಶ್ಚಾತ್ತಾಪ ಎನ್ನಲು ಅವನು ಸಿದ್ಧನಿರಲಿಲ್ಲ. ಪಶ್ಚಾತ್ತಾಪಕ್ಕೆ ಒಂದು ಗೌರವವಿರುತ್ತದೆ. ಇದು ಬರೀ ಓಕರಿಕೆ. ಚೋಕೆಗೂ ಸಂದೋವಾಲ್‌ಗೂ ನಡುವೆ ಇಪ್ಪತ್ತೊಂದು ಹೆಸರು. ಅಷ್ಟು ಹೊತ್ತು ಕೂತಿದ್ದರೆ ಆಯಿತು, ತನ್ನ ಹೆಸರು ಬಂದಾಗ ಹಾಜರ್ ಎಂದರೆ ಆಯಿತು, ಕಥೆ ಶಾಶ್ವತವಾಗಿ ಮುಗಿಯಿತು. ಮುದ್ರೆ ಬಿತ್ತು. ಸತ್ತವನು ಒಪ್ಪಿದ, ತಾಯಿ ಸಹಿ ಹಾಕಿದಳು, ಮಗ ಹೆಬ್ಬೆರಳು ಎತ್ತಿದ. ಬೆಂಚಿನ ಅಂಚನ್ನು ಹಿಡಿದುಕೊಂಡು ಅವನು ತಡೆದ. ತಡೆಯುವುದು ಅವನಿಗೆ ಗೊತ್ತಿದ್ದ ವಿದ್ಯೆ; ಗುರುವಾರ ತಡೆದಿದ್ದ, ಶುಕ್ರವಾರ ತಡೆದಿದ್ದ. ಒಳಗೆ ಇರುವುದು ಪವಿತ್ರವೆಂದು ನಂಬಿ ತಡೆದಿದ್ದ. ಈಗ ಒಳಗೆ ಇರುವುದು ಏನೆಂದು ಗೊತ್ತಿದ್ದೂ ತಡೆಯುತ್ತಿದ್ದಾನೆ. ಹದಿನೈದು ನಿಮಿಷ ಆಗಿರಬಹುದು. ಹೆಸರುಗಳು ಬರುತ್ತಿದ್ದವು, ಏಟುಗಳು ಬೀಳುತ್ತಿದ್ದವು. ಮುದುಕಿ ಪ್ರತಿ ಏಟಿಗೂ ಎಲ್ಲರ ಜೊತೆ ನಗುತ್ತಿದ್ದಳು. ಕೆಳದವಡೆಯಲ್ಲಿ ಒಂದೇ ಹಲ್ಲು.

"ಸಂದೋವಾಲ್, ಎಲೊಯ್."

ಅವನು ಎದ್ದ. ಲಿಸಾಂದ್ರೊ ಚಾಟಿ ಎತ್ತಿ ಕಣ್ಣು ಹೊಡೆದ. ಆ ಕಣ್ಣು ಹೊಡೆತ ಇಲ್ಲದಿದ್ದರೆ ಏನಾಗುತ್ತಿತ್ತೋ. ನೆಮೆಸಿಯೊಗಾಗಿ ಎದ್ದೆ ಎಂದು ಮುಂದೆ ಎಂದಾದರೂ ಹೇಳಿಕೊಳ್ಳುವ ಆಸೆ ಎಲೊಯ್‌ಗೆ ಬಂದೀತು, ಆದರೆ ನಡೆದದ್ದು ನಡೆದ ಹಾಗೆ ಹೇಳಬೇಕೆಂದರೆ, ಅವನ ಬಾಯಿ ತೆರೆಸಿದ್ದು ಆ ಕಣ್ಣು.

"ಹಾಜರ್, ಫಾದರ್," ಎಂದ. "ಪೆಟ್ಟಿಗೆ ನಾನು."

"ಏನು?"

"ಪೆಟ್ಟಿಗೆ ಅಂದ್ರೆ ನಾನು, ಫಾದರ್. ನೆಮೆಸಿಯೊ ಅಲ್ಲ. ರೊಟ್ಟಿ ತಿಂದೋನು ನಾನು. ಶನಿವಾರ ತರಗತೀಲಿ... ಅದೂ ನಾನೇ. ಅವನು ತನ್ನ ಪ್ಯಾಂಟು ಬಿಚ್ಚಿ ಕೊಟ್ಟ, ಅಷ್ಟೆ."

ಫಾದರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಅವನ ಮುಖವನ್ನು ಹುಡುಕಿದರು. ಎಲ್ಲೋ ಆಳದಲ್ಲಿ ಏನೋ ಮೇಲೆ ಬರುತ್ತಿತ್ತು. "ಓ," ಎಂದರು. "ಓ! ಹದಿನೈದು ನಿಮಿಷ!" ಅವರ ಮುಖ ಬಿರಿಯಿತು. ಎಲೊಯ್ ಮಾಡಿಕೊಟ್ಟ ಹಲ್ಲಿನ ಪೂರ್ತಿ ಸಾಲು ಕಾಣುವಂತೆ, ಕಂಬಳಿಯನ್ನು ಕೈಯಿಂದ ತಟ್ಟುತ್ತ, ಮಗುವಿನಂತೆ ನಕ್ಕರು. "ನೀನಾ! ದೇವರು ಎಲ್ಲಿದ್ದಾನೆ, ಹೇಳು? ಹೇಳು!"

ಕಟ್ಟೆ ಒಡೆಯಿತು. ಇಷ್ಟು ಹೊತ್ತು ನೆಲ ನೋಡಿ ತುಟಿ ಕಚ್ಚಿದ್ದವರೆಲ್ಲ ಒಮ್ಮೆಲೇ ಬಾಯಿಬಿಟ್ಟರು, ಕಪ್ಪೆ, ಮೂಲಂಗಿ, ನಾಯಿಮೂತಿ, ಬೆನ್ನು ಬಡಿದರು, "ಪೆಟ್ಟಿಗೇ! ನಮ್ಮ ಪೆಟ್ಟಿಗೇ!" ಎಂದು ಕೂಗಿದರು. ಲಿಸಾಂದ್ರೊ ಒಂದು ಕ್ಷಣ ಕೊಟ್ಟ ಉಡುಗೊರೆ ಮುಖಕ್ಕೆ ವಾಪಸು ಬಂದವನಂತೆ ನಿಂತು, ಆಮೇಲೆ ಅವನೂ ನಕ್ಕ, ಚಾಟಿ ಬೀಸಿದ. ಏಟು ಮೀನಖಂಡಕ್ಕೆ ತಾಗಿದ ಕೂಡಲೇ ಎಲೊಯ್‌ಗೆ ತನ್ನ ಬಾಯಿ ತೆರೆದದ್ದು ಗೊತ್ತಾಯಿತು. ತಡೆಯಲಾಗಲಿಲ್ಲ. ಮೈಗೆ ಗೊತ್ತಿದ್ದ ಹಳೆಯ ದಾರಿ. ಅವನು ನಕ್ಕ. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಈ ಗದ್ದಲದ ನಡುವೆ ಮುದುಕಿ ಎದ್ದು ಅವನ ತೋಳು ಹಿಡಿದುಕೊಂಡಿದ್ದಳು.

"ಮಗಾ," ಎಂದಳು, ಅವನಿಗೆ ಮಾತ್ರ ಕೇಳುವಂತೆ. "ಆ ಪ್ಯಾಂಟು ನಿಂದಾ?"

ಅವನು ನಗುತ್ತಲೇ ತಲೆಯಾಡಿಸಿದ.

"'ನಂದು' ಅಂದಿದ್ದ ಕಣಪ್ಪ ಅವ್ನು. ಒಟ್ಟೆ ಕೆಟ್ಟಿತ್ತು ಅಂದಿದ್ದ." ಅವಳ ಕೈ ಅವನ ಹೊಸ ಸ್ವೆಟರಿನ ತೋಳನ್ನು ಬಿಡಲಿಲ್ಲ. "ಅವ್ನಿಗೆ ಒಡೆದಿದ್ದೆ ನಾನು. ಅಷ್ಟು ದೊಡ್ಡೋನಾಗಿ ಇಂಗ್ ಮಾಡ್ಕೊಂಡ್ ಬಂದಾ ಅಂತ. ವದ್ದೆ ಬಟ್ಟೇಲೇ ಒಡೆದಿದ್ದೆ."

ನಗು ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಗಂಟಲಿನಿಂದ ಅದು ತಾನಾ‌ಗಿ ಹೊರಬೀಳುತ್ತಲೇ ಇತ್ತು, ವಾಂತಿಯ ಹಾಗೆ, ಒಳಗೆ ಏನೂ ಉಳಿಯದ ಮೇಲೂ. ಆ ನೀರುಗಣ್ಣಿನಲ್ಲೇ ಅವನು ಮೆಟ್ಟಿಲಿನ ಕಡೆ ನೋಡಿದ. ಬಲಗಡೆ, ಮೂರನೆಯದು. ಯೆರ್ಕೊ ಎದ್ದು ನಿಂತಿದ್ದ. ಎತ್ತಿದ್ದ ಹೆಬ್ಬೆರಳು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಹತ್ತಿರ ನಿಂತಿತ್ತು. ಮುಖದಲ್ಲಿ ಬಣ್ಣವಿರಲಿಲ್ಲ. ಅಪ್ಪನನ್ನು, ಮುದುಕಿಯನ್ನು, ಮತ್ತೆ ಅಪ್ಪನನ್ನು ನೋಡಿದ. ಅವನ ಸುತ್ತ ಹುಡುಗರು ಲೆಕ್ಕ ಹಾಕಿಕೊಳ್ಳುತ್ತಿದ್ದದ್ದು ಅಷ್ಟು ದೂರದಿಂದಲೂ ಕಂಡಿತು: ಒಬ್ಬ ಇನ್ನೊಬ್ಬನ ಕಿವಿಯಲ್ಲಿ, ಅವನು ಮತ್ತೊಬ್ಬನ ಕಿವಿಯಲ್ಲಿ. ಹಿಂದಿನ ಸಾಲಿನವನೊಬ್ಬ ಬಗ್ಗಿ ಯೆರ್ಕೊನ ಪ್ಯಾಂಟಿನ ಹಿಂಭಾಗವನ್ನು ಮೂಸಿದಂತೆ ಮಾಡಿ, ಮೂಗು ಹಿಡಿದುಕೊಂಡು ಕೂಗಿದ:

"ಮರಿಪೆಟ್ಟಿಗೆ!"

ಮೆಟ್ಟಿಲು ಮೆಟ್ಟಿಲೇ ನಗೆಯಲ್ಲಿ ಕುಸಿಯಿತು. "ಮರಿಪೆಟ್ಟಿಗೆ! ಮರಿಪೆಟ್ಟಿಗೆ!" ಎಲೊಯ್‌ನ ನಗು ಆಗ ನಿಂತಿತು, ಯಾರೋ ಕತ್ತು ಹಿಸುಕಿದಂತೆ. ಬಾಯಿ ಮಾತ್ರ ತೆರೆದೇ ಇತ್ತು. ಬೇಡ, ಎಂದುಕೊಂಡ. ಅಳು. ಬೈಯಿ. ಆ ಹುಡುಗನ ಮುಸುಡಿಗೆ ಒಂದು ಬಿಡು. ಎದ್ದು ಮನೆಗೆ ಹೋಗು, ನನ್ನ ಜೊತೆ ಮಾತು ಬಿಡು. ಏನು ಬೇಕಾದರೂ ಮಾಡು ಮಗಾ, ಅದೊಂದು ಬೇಡ.

ಯೆರ್ಕೊ ಸುತ್ತ ತೆರೆದ ಬಾಯಿಗಳನ್ನು ಒಮ್ಮೆ ನೋಡಿದ. ಆಮೇಲೆ ಅವನ ತುಟಿ ಸರಿಯಿತು, ಸಾಲು ಬಿಟ್ಟ ಕೋರೆಹಲ್ಲು ಹೊರಗೆ ಬಂತು. ಇಡೀ ಅಂಗಳದ ಗದ್ದಲದ ಮೇಲೆ, ಎಲ್ಲರ ನಗೆಗಿಂತ ಒಂದು ಸ್ವರ ಮೇಲೆ, ಬಿಡದೆ, ಉಸಿರು ತೆಗೆದುಕೊಳ್ಳದೆ, ಒಂದು ನಗೆ ಕೇಳಿಸಿತು.